ಮಗುವಿನ ತಲೆಗೆ ಪೆಟ್ಟು: ಸ್ಕ್ಯಾನ್ ಓದುವ ಮೊದಲು ಮಗುವನ್ನು ಓದಬೇಕು

ತಲೆಗೆ ಪೆಟ್ಟು ಮಾಡಿಕೊಂಡ ಮಗುವನ್ನು ಎತ್ತಿಕೊಂಡು ಕ್ಯಾಶುವಲ್ಟಿಗೆ ಓಡಿಬಂದವರು ಡ್ಯೂಟಿ ಡಾಕ್ಟರನ್ನು ಕೇಳುವುದು ಹೆಚ್ಚಾಗಿ ಒಂದೇ ಮಾತು: ‘ಒಂದ್ಸಲ ಸ್ಕ್ಯಾನ್ ಮಾಡಿಸಿಬಿಡೋಣ್ವಾ ಡಾಕ್ಟ್ರೇ?’ ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರ ಬೆಂಗಳೂರಿನಲ್ಲಿ ಯಲಹಂಕದಿಂದ ಆರ್.ಟಿ. ನಗರದವರೆಗೆ, ಹೆಬ್ಬಾಳದಿಂದ ಯಶವಂತಪುರದವರೆಗೆ ಸಿ.ಟಿ. ಯಂತ್ರ ಈಗ ಅಪರೂಪದ ವಸ್ತುವಲ್ಲ. ಚಿತ್ರ ತೆಗೆಯಲು ಬೇಕಾಗುವುದು ಕೆಲವೇ ಸೆಕೆಂಡು. ಇಷ್ಟು ಸುಲಭಕ್ಕೆ ಸಿಗುವುದನ್ನು ಬೇಡ ಎನ್ನುವ ಡಾಕ್ಟರ ಮೇಲೆಯೇ ಅನುಮಾನ ಹುಟ್ಟುವುದು ಸಹಜ. ಆದರೆ ಮಕ್ಕಳ ತಲೆಪೆಟ್ಟಿನ ಬಗ್ಗೆ ನಡೆದ ದೊಡ್ಡ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸ್ಕ್ಯಾನಿನ ಚಿತ್ರಕ್ಕೆ ಅರ್ಥ ಬರುವುದು ಮಗುವಿನ ಸ್ಥಿತಿಯಿಂದ ಮತ್ತು ಅದು ಬಿದ್ದ ಬಗೆಯ ವಿವರದಿಂದ. ಇವೆರಡೂ ಸರಿಯಾಗಿ ಸಿಕ್ಕರೆ ಬಹುಪಾಲು ಮಕ್ಕಳಿಗೆ ಸ್ಕ್ಯಾನೇ ಬೇಕಾಗುವುದಿಲ್ಲ. ಇವೆರಡೂ ಇಲ್ಲದೆ ತೆಗೆದ ಸ್ಕ್ಯಾನನ್ನು ನುರಿತವರೂ ತಪ್ಪು ಓದಬಹುದು.

ಸಿ.ಟಿ. ಏನನ್ನು ತೋರಿಸುತ್ತದೆ ಎಂಬುದನ್ನು ಮೊದಲು ನೋಡೋಣ. ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಈ ಯಂತ್ರ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ. ಎಕ್ಸ್-ರೇ ಕಿರಣಗಳನ್ನು ತಲೆಯ ಸುತ್ತಲೂ ಹಾಯಿಸಿ, ಯಾವ ಜಾಗ ಎಷ್ಟು ಕಿರಣವನ್ನು ತಡೆಯಿತು ಎಂದು ಲೆಕ್ಕ ಹಾಕಿ, ಪ್ರತಿ ಚುಕ್ಕೆಗೂ ಒಂದು ಅಂಕಿ ಕೊಡುವುದು ಅದರ ಕೆಲಸ. ಆ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000. ಮೂಳೆ ಹಲವು ನೂರರಿಂದ ಸಾವಿರದಾಚೆಗೆ. ಮಿದುಳು ಮೂವತ್ತು ನಲವತ್ತರ ಆಸುಪಾಸಿನಲ್ಲಿದ್ದರೆ, ಆಗತಾನೇ ಹೆಪ್ಪುಗಟ್ಟಿದ ರಕ್ತ ಅದಕ್ಕಿಂತ ಮೇಲೆ, ಐವತ್ತರಿಂದ ಎಂಬತ್ತರವರೆಗೆ. ಹಾಗಾಗಿಯೇ ಹೊಸ ರಕ್ತಸ್ರಾವ ಬೆಳ್ಳಗೆ ಎದ್ದು ಕಾಣುತ್ತದೆ. ಪೆಟ್ಟಿನ ಸ್ಕ್ಯಾನಿಗೆ ಸಾಮಾನ್ಯವಾಗಿ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವುದಿಲ್ಲ. ಕೊಡುತ್ತೇವೆ ಎಂದರೆ ಏಕೆ ಎಂದು ಕೇಳಬಹುದು. ಮೂಳೆಯ ಬಿರುಕು, ರಕ್ತ, ದೊಡ್ಡ ಊತ ಇವನ್ನು ಹಿಡಿಯುವುದರಲ್ಲಿ ಸಿ.ಟಿ.ಗೆ ಸಾಟಿಯಿಲ್ಲ. ಆದರೆ ಮಿದುಳು ಕುಲುಕಿಹೋಗಿ ಕೆಲಸ ಏರುಪೇರಾಗುವ ಕನ್ಕಷನ್ ಅದರಲ್ಲಿ ಕಾಣುವುದಿಲ್ಲ. ‘ಸ್ಕ್ಯಾನ್ ನಾರ್ಮಲ್’ ಎಂದ ಮಾತ್ರಕ್ಕೆ ಮಿದುಳಿಗೆ ಏನೂ ಆಗಿಲ್ಲ ಎಂದಲ್ಲ, ಆಪರೇಷನ್ ಬೇಕಾಗುವಂಥದ್ದು ಆ ಹೊತ್ತಿಗೆ ಕಾಣುತ್ತಿಲ್ಲ ಎಂದರ್ಥ.

ಯಾರಿಗೆ ಸ್ಕ್ಯಾನ್ ಬೇಕು, ಯಾರಿಗೆ ಬೇಡ? ಇದಕ್ಕೆ ಇಂದು ಹೆಚ್ಚು ಬಳಕೆಯಲ್ಲಿರುವ ಉತ್ತರ ಅಮೆರಿಕದ ಪೆಕಾರ್ನ್ ಎಂಬ ಮಕ್ಕಳ ತುರ್ತು ಚಿಕಿತ್ಸಾ ಸಂಶೋಧನಾ ಜಾಲದ್ದು. ಅದರ ಅಧ್ಯಯನ 2009ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 25 ಆಸ್ಪತ್ರೆಗಳಿಗೆ ತಲೆಪೆಟ್ಟಿನಿಂದ ಬಂದ, ನೋಡಲು ಬಹುಮಟ್ಟಿಗೆ ಎಚ್ಚರವಾಗಿಯೇ ಇದ್ದ 42,412 ಮಕ್ಕಳನ್ನು ಅದು ಗಮನಿಸಿತು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಿಗೆ ಸಿ.ಟಿ. ಆಗಿತ್ತು. ನಿಜಕ್ಕೂ ಗಂಭೀರವಾದ ಮಿದುಳು ಪೆಟ್ಟು ಇದ್ದದ್ದು 376 ಮಕ್ಕಳಿಗೆ, ಅಂದರೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ತಲೆಯ ಆಪರೇಷನ್ ಬೇಕಾದದ್ದು 60 ಮಕ್ಕಳಿಗೆ. ಆ ಕೆಲವರನ್ನು ಉಳಿದವರಿಂದ ಬೇರ್ಪಡಿಸುವ ಚಿಹ್ನೆಗಳನ್ನು ಅಧ್ಯಯನ ಗುರುತಿಸಿತು, ಅವುಗಳಲ್ಲಿ ಒಂದಕ್ಕೂ ದುಬಾರಿ ಉಪಕರಣ ಬೇಕಿಲ್ಲ. ಎರಡು ವರ್ಷದೊಳಗಿನ ಮಗುವಾದರೆ: ಎಚ್ಚರ ಸರಿಯಾಗಿದೆಯೇ, ಹಣೆ ಬಿಟ್ಟು ಬೇರೆ ಕಡೆ ಬುಗುಟೆ ಎದ್ದಿದೆಯೇ, ಐದು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಪ್ರಜ್ಞೆ ತಪ್ಪಿತ್ತೇ, ಪೆಟ್ಟು ಜೋರಿನದೇ, ಬುರುಡೆ ಬಿರಿದದ್ದು ಕೈಗೆ ಸಿಗುತ್ತದೆಯೇ, ಮಗು ಎಂದಿನಂತೆ ಇದೆ ಎಂದು ತಾಯಿತಂದೆಗೆ ಅನಿಸುತ್ತದೆಯೇ. ಎರಡು ದಾಟಿದ ಮಗುವಾದರೆ: ಎಚ್ಚರ, ಪ್ರಜ್ಞೆ ತಪ್ಪಿದ್ದು, ವಾಂತಿ, ಪೆಟ್ಟಿನ ಜೋರು, ತಡೆಯಲಾರದ ತಲೆನೋವು, ಬುರುಡೆಯ ತಳ ಬಿರಿದ ಗುರುತು — ಎಂದರೆ ಕಿವಿ ಮೂಗಿನಿಂದ ರಕ್ತ ಅಥವಾ ನೀರು, ಕಣ್ಣ ಸುತ್ತ ಇಲ್ಲವೇ ಕಿವಿಯ ಹಿಂದೆ ನೀಲಿಗಟ್ಟುವುದು. ಈ ಅಪಾಯದ ಚಿಹ್ನೆಗಳಲ್ಲಿ ಒಂದೂ ಇಲ್ಲದ ಮಗುವಿಗೆ ಗಂಭೀರ ಪೆಟ್ಟಿರುವ ಸಾಧ್ಯತೆ ಎರಡು ವರ್ಷದೊಳಗೆ ಹತ್ತು ಸಾವಿರಕ್ಕೆ ಎರಡಕ್ಕಿಂತ, ದೊಡ್ಡ ಮಕ್ಕಳಲ್ಲಿ ಐದಕ್ಕಿಂತ ಕಡಿಮೆ. ಮಗು ಮಂಕಾಗಿದ್ದರೆ, ಬುರುಡೆ ಬಿರಿದಿದ್ದರೆ ಅದೇ ಸಾಧ್ಯತೆ ನೂರಕ್ಕೆ ನಾಲ್ಕು ದಾಟುತ್ತದೆ. ‘ನಮ್ಮ ಮಗು ಎಂದಿನಂತಿಲ್ಲ’ ಎಂಬ ತಾಯಿಯ ಮಾತು ಈ ಪಟ್ಟಿಯಲ್ಲಿ ವೈದ್ಯರ ಪರೀಕ್ಷೆಯ ಜೊತೆಗೇ ಕೂತಿದೆ ಎಂಬುದನ್ನು ಗಮನಿಸಿ. ಅದನ್ನು ಹೇಳಲು ಸಂಕೋಚ ಬೇಡ.

ಮಧ್ಯದ ಗುಂಪಿನ ಮಕ್ಕಳು, ಒಂದೆರಡು ವಾಂತಿ ಮಾಡಿದವರು ಅಥವಾ ಚೂರು ಎತ್ತರದಿಂದ ಬಿದ್ದವರು, ಇವರ ವಿಷಯದಲ್ಲೇ ಜಗ್ಗಾಟವೆಲ್ಲ. ಇಲ್ಲಿ ವೈದ್ಯರು ‘ನಾಲ್ಕಾರು ಗಂಟೆ ಅಬ್ಸರ್ವೇಶನ್‌ನಲ್ಲಿ ಇಟ್ಟುಕೊಳ್ಳೋಣ’ ಎಂದರೆ ಅದು ಕಾಲಹರಣವಲ್ಲ, ಅದೂ ಒಂದು ಪರೀಕ್ಷೆಯೇ. ಒಳಗೆ ರಕ್ತ ಸೋರುತ್ತಿದ್ದರೆ ಮಗು ಗಂಟೆಗಂಟೆಗೂ ಮಂಕಾಗುತ್ತ ಹೋಗುತ್ತದೆ. ಇಲ್ಲದಿದ್ದರೆ ಬಿಸ್ಕತ್ತು ತಿಂದು ಮಂಚದಿಂದ ಇಳಿಯಲು ಹಟ ಮಾಡತೊಡಗುತ್ತದೆ. ಒಂದು ಕ್ಷಣದ ಚಿತ್ರಕ್ಕೆ ಈ ಬದಲಾವಣೆ ಸಿಗುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಚಿತ್ರ ತೆಗೆದರೆ ಕಳೆದುಕೊಳ್ಳುವುದೇನು, ಮನಸ್ಸಿಗೆ ಸಮಾಧಾನವಾದರೂ ಆಗುತ್ತದಲ್ಲ? ಕಳೆದುಕೊಳ್ಳುವುದು ಸ್ವಲ್ಪ, ಆದರೆ ಸೊನ್ನೆಯಲ್ಲ. ತಲೆಯ ಒಂದು ಸಿ.ಟಿ.ಯ ವಿಕಿರಣ ಸುಮಾರು 2 ಮಿಲಿಸೀವರ್ಟ್. ಭೂಮಿ, ಆಕಾಶ, ಆಹಾರದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ತಾನಾಗಿಯೇ ಸೇರುವುದು ಜಾಗತಿಕ ಸರಾಸರಿಯಲ್ಲಿ 2.4. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲ. ಮಕ್ಕಳ ಜೀವಕೋಶಗಳು ಬೇಗಬೇಗ ಒಡೆದು ಬೆಳೆಯುತ್ತಿರುತ್ತವೆ, ಮುಂದೆ ಬದುಕುವ ವರ್ಷಗಳೂ ಹೆಚ್ಚು. ಒಂಬತ್ತು ಯುರೋಪಿಯನ್ ದೇಶಗಳ ಆರೂವರೆ ಲಕ್ಷಕ್ಕೂ ಹೆಚ್ಚು ಯುವಜನರನ್ನು ಹಿಂಬಾಲಿಸಿದ, 2023ರಲ್ಲಿ ಹೊರಬಂದ ಅಧ್ಯಯನದ ಲೆಕ್ಕ ಹೀಗಿದೆ: ಹತ್ತು ಸಾವಿರ ಮಕ್ಕಳಿಗೆ ತಲೆಯ ಸಿ.ಟಿ. ಒಮ್ಮೆ ಮಾಡಿದರೆ, ಮುಂದಿನ ಐದರಿಂದ ಹದಿನೈದು ವರ್ಷದೊಳಗೆ ಅದರಿಂದಾಗಿಯೇ ಬರಬಹುದಾದ ಮಿದುಳಿನ ಕ್ಯಾನ್ಸರ್ ಸುಮಾರು ಒಂದು. 2012ರ ಬ್ರಿಟನ್ನಿನ ಅಧ್ಯಯನವೂ ಇದಕ್ಕೆ ಹತ್ತಿರದ ಅಂಕಿಯನ್ನೇ ಕೊಟ್ಟಿತ್ತು. ಈಗ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಚಿಹ್ನೆಯೇ ಇಲ್ಲದ ಮಗುವಿನಲ್ಲಿ ಅಪಾಯ ಸಿಗುವ ಸಾಧ್ಯತೆಯೂ ಸ್ಕ್ಯಾನ್ ತರುವ ಅಪಾಯವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಸಮಾಧಾನಕ್ಕೆಂದು ಸ್ಕ್ಯಾನ್ ಮಾಡಿಸುವುದರಲ್ಲಿ ಲಾಭವಿಲ್ಲ. ಮಂಕಾದ ಮಗುವಿನಲ್ಲಿ ತಕ್ಕಡಿ ನೂರಾರು ಪಟ್ಟು ಸ್ಕ್ಯಾನಿನ ಕಡೆಗೇ ವಾಲುತ್ತದೆ. ಅಲ್ಲಿ ರೇಡಿಯೇಷನ್ ಭಯ ಹಿಡಿದು ‘ಮನೆಯಲ್ಲಿ ಕೇಳಿಕೊಂಡು ಬರ್ತೀವಿ’ ಎನ್ನುವುದು ಮೊದಲನೆಯದಕ್ಕಿಂತ ದೊಡ್ಡ ತಪ್ಪು.

ಹಾಗಾಗಿ ಕಾಯಬಾರದ ಸಂದರ್ಭಗಳನ್ನು ನೇರವಾಗಿ ಹೇಳಿಬಿಡಬೇಕು. ಎಬ್ಬಿಸಿದರೂ ಸರಿಯಾಗಿ ಏಳದ ಮಗು, ಫಿಟ್ಸ್ ಬಂದ ಮಗು, ಮತ್ತೆಮತ್ತೆ ವಾಂತಿ, ಒಂದು ಕೈ ಅಥವಾ ಕಾಲಿನ ಬಲ ಕಡಿಮೆಯಾಗುವುದು, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದು, ಕೂಸಿನ ನೆತ್ತಿಯ ಮೆತ್ತನೆಯ ಭಾಗ ಉಬ್ಬಿ ಬಿಗಿಯಾಗುವುದು. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಅಂಥ ಮಗುವಿಗೆ ಯಂತ್ರ ಮಾತ್ರ ಇರುವ ಡಯಾಗ್ನೊಸ್ಟಿಕ್ ಸೆಂಟರ್ ಸಾಲದು, ಉಸಿರಾಟ ನೋಡಿಕೊಳ್ಳುವ ವ್ಯವಸ್ಥೆ ಇರುವ ಕ್ಯಾಶುವಲ್ಟಿಯೇ ಬೇಕು. ರಕ್ತ ಹೆಪ್ಪುಗಟ್ಟದ ಕಾಯಿಲೆಯ ಮಕ್ಕಳು, ತಲೆಯಲ್ಲಿ ಶಂಟ್ (ನೀರು ಹೊರಹರಿಸುವ ನಳಿಕೆ) ಇರುವ ಮಕ್ಕಳು ಪೆಕಾರ್ನ್ ನಿಯಮದ ಲೆಕ್ಕದಿಂದ ಹೊರಗೆ. ಅವರ ಬಗ್ಗೆ ಮೊದಲ ಮಾತಿನಲ್ಲೇ ತಿಳಿಸಬೇಕು. ಮುಂಗಡ ಹಣ ಕಟ್ಟಿಲ್ಲವೆಂದು ತುರ್ತು ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲ. ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎರಡೂ ಕಡೆಯ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಮೆರಿಕದ ಮಕ್ಕಳ ಮೇಲೆ ಕಟ್ಟಿದ ನಿಯಮ ಹೆಬ್ಬಾಳದ ಮಗುವಿಗೆ ಹೊಂದುತ್ತದೆಯೇ? ದೇಹದ ಮಟ್ಟಿಗೆ ಹೊಂದುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 20,137 ಮಕ್ಕಳ ಮೇಲೆ ಇದೇ ನಿಯಮವನ್ನು ಇನ್ನೆರಡರ ಜೊತೆ ಒರೆಗೆ ಹಚ್ಚಿ ನೋಡಿದ ಅಧ್ಯಯನ 2017ರಲ್ಲಿ ಬಂತು, ಅಲ್ಲಿ ಸಿ.ಟಿ. ಆಗಿದ್ದದ್ದೇ ನೂರಕ್ಕೆ ಹತ್ತು ಮಕ್ಕಳಿಗೆ, ಪೆಕಾರ್ನ್ ನಿಯಮ ತನಗೆ ಅನ್ವಯಿಸುವ ಮಕ್ಕಳಲ್ಲಿ ಬಿಟ್ಟುಬಿಟ್ಟ ಗಂಭೀರ ಪೆಟ್ಟು ಒಂದು ಮಾತ್ರ. ಹೊಂದದೇ ಹೋಗಬಹುದಾದದ್ದು ನಮ್ಮ ಬೀಳುವ ಬಗೆ, ನಮ್ಮ ರಸ್ತೆ. ನಿಯಮದ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಮೂರು ಅಡಿಗಿಂತ, ದೊಡ್ಡ ಮಗುವಿಗೆ ಐದು ಅಡಿಗಿಂತ ಎತ್ತರದಿಂದ ಬಿದ್ದರೆ ಅದು ಜೋರಿನ ಪೆಟ್ಟು. ಕಂಬಿಯಿಲ್ಲದ ತಾರಸಿ, ಕಟ್ಟುತ್ತಿರುವ ಮನೆಯ ಮೆಟ್ಟಿಲು, ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡ ಮಗು, ಇವೆಲ್ಲ ಆ ಗೆರೆಯ ಆಚೆಗೇ ಬರುತ್ತವೆ. (ನಾಲ್ಕು ದಾಟಿದವರಿಗೆಲ್ಲ ಹೆಲ್ಮೆಟ್ ಕಡ್ಡಾಯ; ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ ಹೆಲ್ಮೆಟ್ ಜೊತೆ ಸೇಫ್ಟಿ ಬೆಲ್ಟ್ ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಬಳ್ಳಾರಿ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಪಾಲನೆ ಎಷ್ಟೆಂದು ತಿಳಿಯುತ್ತದೆ.) ಇನ್ನು ‘ಮನೆಯಲ್ಲಿ ನೋಡಿಕೊಳ್ಳಿ, ಏನಾದರೂ ಆದರೆ ಬನ್ನಿ’ ಎಂಬ ಸಲಹೆಗೆ ಬೆಲೆ ಬರುವುದು ವಾಪಸ್ ಬರಲು ಸಾಧ್ಯವಿದ್ದಾಗ ಮಾತ್ರ. ಮನೆ ರಾಜಾನುಕುಂಟೆಯಾಚೆ ಇದ್ದು, ಗಾಡಿಯಿಲ್ಲದೆ, ರಾತ್ರಿ ಮಗುವಿನ ಜೊತೆ ಅಜ್ಜಿಯೊಬ್ಬರೇ ಇರುವುದಾದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ನಿಗಾ ಬೇಕು ಎಂಬ ತೀರ್ಮಾನ ಬದಲಾಗಬೇಕಿಲ್ಲ, ಎಲ್ಲಿ ಎಂಬುದು ಬದಲಾಗುತ್ತದೆ: ಮನೆಯ ಬದಲು ಆಸ್ಪತ್ರೆಯ ವಾರ್ಡು. ಅಲ್ಲೂ ನಿಗಾ ಇಡಲು ಆಗದು ಎನ್ನುವಲ್ಲಿ ಬೇಗ ಸ್ಕ್ಯಾನ್ ಮಾಡಿಸುವುದೇ ನ್ಯಾಯ.

ಇನ್ನು ಚಿತ್ರ ಓದುವ ಕೆಲಸಕ್ಕೆ ಬರೋಣ. ಮಗುವಿನ ತಲೆ ದೊಡ್ಡವರ ತಲೆಯ ಚಿಕ್ಕ ಅಚ್ಚಲ್ಲ ಎಂಬುದು ಗೊತ್ತಾಗುವುದು ಇಲ್ಲೇ. ಬುರುಡೆಯ ಎಲುಬುಗಳು ಇನ್ನೂ ಬೆಸೆದಿರುವುದಿಲ್ಲ. ಅವು ಕೂಡುವ ಸಂದುಗಳು ಸ್ಕ್ಯಾನಿನಲ್ಲಿ ಕಪ್ಪು ಗೆರೆಯಾಗಿ ಕಾಣುತ್ತವೆ. ಹಣೆಯ ನಡುವಿನ ಸಂದು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಮುಚ್ಚಿಕೊಳ್ಳುತ್ತದೆ, ಕೆಲವರಲ್ಲಿ ಮುಚ್ಚುವುದೇ ಇಲ್ಲ. ಕೆಲವು ಮಕ್ಕಳಲ್ಲಿ ಹೆಚ್ಚುವರಿ ಸಂದುಗಳೂ ಇರುತ್ತವೆ. ಸಂದಿನ ಗೆರೆ ಅಂಕುಡೊಂಕಾಗಿ ಹರಿದು ಎಡಬಲ ಎರಡೂ ಕಡೆ ಹೊಂದುತ್ತದೆ, ಅದರ ಅಂಚು ಬೆಳ್ಳಗಿರುತ್ತದೆ. ಬಿರುಕಿನ ಗೆರೆ ನೆಟ್ಟಗೆ, ಚೂಪಾಗಿ, ಒಂದೇ ಕಡೆ. ಅದರ ಮೇಲಿನ ಚರ್ಮ ಊದಿಕೊಂಡಿರುತ್ತದೆ. ಮೂಳೆಯ ಮೂರು ಆಯಾಮದ ಚಿತ್ರ ಕಟ್ಟಿ ತಿರುಗಿಸಿ ನೋಡಿದರೆ ಗೊಂದಲ ಬಹುಮಟ್ಟಿಗೆ ಬಗೆಹರಿಯುತ್ತದೆ. ಆದರೂ ಮೊದಲ ಸುಳಿವು ಬೆರಳಿನದು: ‘ಬಲಗಿವಿಯ ಮೇಲೆ ಮೆತ್ತಗೆ ಊದಿದೆ’ ಎಂದು ಸ್ಕ್ಯಾನ್ ಚೀಟಿಯಲ್ಲಿ ಬರೆದು ಕಳಿಸಿದರೆ ರೇಡಿಯಾಲಜಿಸ್ಟ್ ಆ ಜಾಗವನ್ನು ಎರಡು ಸಲ ನೋಡುತ್ತಾರೆ, ಬರೀ ‘ತಲೆಪೆಟ್ಟು’ ಎಂದು ಬರೆದರೆ ಆ ಅನುಕೂಲ ತಪ್ಪುತ್ತದೆ.

ಮೂಳೆಯೊಳಗಿನ ಕಥೆಯೂ ಹಾಗೆಯೇ. ಕೂಸಿನ ಮಿದುಳಿನ ಬಿಳಿ ಭಾಗಕ್ಕೆ ಕೊಬ್ಬಿನ ಹೊದಿಕೆ ಇನ್ನೂ ಪೂರ್ತಿ ಬಂದಿರುವುದಿಲ್ಲ, ನೀರಿನಂಶ ಹೆಚ್ಚು. ಅದು ದೊಡ್ಡವರಿಗಿಂತ ಕಪ್ಪಾಗಿ ಕಂಡು, ಅಭ್ಯಾಸವಿಲ್ಲದವರು ಊತ ಎಂದುಕೊಳ್ಳಬಹುದು. ನವಜಾತ ಶಿಶುವಿನ ರಕ್ತ ಗಟ್ಟಿಯಾದ್ದರಿಂದ ರಕ್ತನಾಳಗಳೇ ಬೆಳ್ಳಗೆ ತೋರಿ ರಕ್ತಸ್ರಾವದ ಭ್ರಮೆ ಹುಟ್ಟಿಸುತ್ತವೆ. ಒಂದು ವರ್ಷದ ಆಸುಪಾಸಿನ ಕೆಲವು ಆರೋಗ್ಯವಂತ ಮಕ್ಕಳಲ್ಲಿ ಮಿದುಳಿನ ಮುಂಭಾಗದ ಹೊರಗೆ ನೀರು ಸ್ವಲ್ಪ ಹೆಚ್ಚೇ ಇರುತ್ತದೆ. ರಿಪೋರ್ಟಿನಲ್ಲಿ ಅದನ್ನು ‘ಮಿದುಳು ಕುಗ್ಗಿದೆ’ ಎಂದು ಓದಿ ಕಂಗಾಲಾಗುವವರಿದ್ದಾರೆ. ಇದರ ಎದುರು ನಿಜವಾದ ಅಪಾಯ ಕೆಲವೊಮ್ಮೆ ಸದ್ದಿಲ್ಲದ್ದು: ಮಿದುಳು ಇಡಿಯಾಗಿ ಊದಿದಾಗ ಬೆಳ್ಳಗಿನ ರಕ್ತ ಎಲ್ಲೂ ಕಾಣದೆ, ಬೂದು ಮತ್ತು ಬಿಳಿ ಭಾಗಗಳ ನಡುವಿನ ಗಡಿ ಮಸುಕಾಗಿ, ತಳದ ನೀರಿನ ಜಾಗಗಳು ಮುಚ್ಚಿಕೊಂಡಿರುತ್ತವೆ. ಚಿತ್ರ ನೋಡಲು ‘ಸ್ವಚ್ಛ’, ಮಗು ಮಾತ್ರ ಮಂಕು. ಇಂಥಲ್ಲಿ ಚಿತ್ರವನ್ನಲ್ಲ, ಮಗುವನ್ನು ನಂಬಬೇಕು. ರಕ್ತದ ಆಕಾರಕ್ಕೂ ಅರ್ಥವಿದೆ. ಬುರುಡೆಗೂ ಹೊರಪೊರೆಗೂ ನಡುವೆ ಮಸೂರದಂತೆ ಉಬ್ಬಿದ ಎಕ್ಸ್ಟ್ರಾಡ್ಯೂರಲ್ ರಕ್ತ ಬೇಗ ಬೆಳೆಯಬಲ್ಲದು, ಬೇಗ ತೆಗೆದರೆ ಮಗು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಪೊರೆಯ ಒಳಗೆ ಬಿದಿಗೆ ಚಂದ್ರನಂತೆ ಹರಡುವ ಸಬ್‌ಡ್ಯೂರಲ್ ರಕ್ತ ಇನ್ನೂ ಮಗುಚಿಕೊಳ್ಳಲೂ ಬಾರದ ಕೂಸಿನಲ್ಲಿ ಕಂಡರೆ, ಹೇಗಾಯಿತು ಎಂದು ವೈದ್ಯರು ಮತ್ತೆಮತ್ತೆ ಕೇಳುತ್ತಾರೆ. ಕೂಸನ್ನು ಜೋರಾಗಿ ಕುಲುಕಿದರೂ ಹೀಗಾಗುತ್ತದೆ. ಕೇಳುವುದು ಅವರ ಕೆಲಸ, ಮನೆಯವರು ಅದನ್ನು ಅವಮಾನವೆಂದುಕೊಳ್ಳಬಾರದು.

ಒಂದೇ ಚಿತ್ರಕ್ಕೆ ಎರಡು ಅರ್ಥ ಬರುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ದೊಡ್ಡ ನಿದರ್ಶನವಿದೆ, ಅದು ಪೆಟ್ಟಿನದಲ್ಲ, ಫಿಟ್ಸಿನದು. ಜ್ವರವಿಲ್ಲದೆ ಫಿಟ್ಸ್ ಬಂದ ಭಾರತೀಯ ಮಕ್ಕಳ ಸಿ.ಟಿ.ಯಲ್ಲಿ ಉಂಗುರದಂಥ ಒಂದು ಪುಟ್ಟ ಮಚ್ಚೆ ಕಾಣುವುದು ಸಾಮಾನ್ಯ. 1980ರ ದಶಕದಲ್ಲಿ ಅದನ್ನು ಕ್ಷಯದ ಗಂಟು ಎಂದು ಓದಿ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಅಂಥ ಮಚ್ಚೆಗಳನ್ನು ತೆಗೆದು ಪರೀಕ್ಷಿಸಿದಾಗ ಹೆಚ್ಚಿನವು ಲಾಡಿಹುಳುವಿನ ಮರಿಕೋಶ ಎಂದು ತಿಳಿಯಿತು. ಬಹಳಷ್ಟು ತಾವಾಗಿಯೇ ಕರಗುತ್ತವೆ ಎಂದೂ ಗೊತ್ತಾಯಿತು. ಯಂತ್ರ ಬದಲಾಗಿರಲಿಲ್ಲ, ಚಿತ್ರವೂ ಅದೇ. ಬದಲಾದದ್ದು ಓದುವವರಿಗೆ ಆ ರೋಗಿಗಳ ಬಗ್ಗೆ ಇದ್ದ ತಿಳಿವಳಿಕೆ.

ಅಂದಮೇಲೆ ಮನೆಯವರ ಮಾತಿನ ಮೇಲೆ ಎಷ್ಟು ಭಾರ ಬೀಳುತ್ತದೆ ನೋಡಿ. ಎಷ್ಟು ಹೊತ್ತಿಗೆ ಬಿದ್ದದ್ದು, ಎಷ್ಟು ಎತ್ತರದಿಂದ, ಕೆಳಗೆ ಗ್ರಾನೈಟೋ ಮಣ್ಣೋ, ಬಿದ್ದ ತಕ್ಷಣ ಅತ್ತಿತೇ ಅಥವಾ ಒಂದು ಗಳಿಗೆ ಸುಮ್ಮನಿತ್ತೇ, ವಾಂತಿ ಎಷ್ಟು ಸಲ, ದಾರಿಯಲ್ಲಿ ನಿದ್ದೆ ಬಂದದ್ದು ಅದರ ಎಂದಿನ ನಿದ್ದೆಯ ಹೊತ್ತೇ, ಕಣ್ಣಾರೆ ನೋಡಿದವರು ಯಾರು. ನೋಡಿದವರು ಮನೆಗೆಲಸದವರೋ ಪಕ್ಕದ ಮನೆಯ ಹುಡುಗನೋ ಆಗಿದ್ದರೆ ಫೋನಿನಲ್ಲಿ ಅವರನ್ನೇ ಡಾಕ್ಟರ ಜೊತೆ ಮಾತಾಡಿಸಿ. ಇಲ್ಲಿ ಒಂದು ಕೆಟ್ಟ ಅಭ್ಯಾಸವನ್ನು ಹೆಸರಿಸಲೇಬೇಕು: ಪೊಲೀಸ್ ಕೇಸು ಆಗುತ್ತದೆ, ಎಂ.ಎಲ್.ಸಿ. ಮಾಡುತ್ತಾರೆ ಎಂಬ ಹೆದರಿಕೆಯಿಂದ ಗಾಡಿಯಿಂದ ಬಿದ್ದ ಮಗುವನ್ನು ‘ಮಂಚದಿಂದ ಬಿತ್ತು’ ಎನ್ನುವುದು. ಆ ಒಂದು ಸುಳ್ಳು ಮಗುವನ್ನು ಜೋರಿನ ಪೆಟ್ಟಿನ ಗುಂಪಿನಿಂದ ಎತ್ತಿ ಸಾಧಾರಣ ಪೆಟ್ಟಿನ ಗುಂಪಿಗೆ ಹಾಕುತ್ತದೆ. ಎಂ.ಎಲ್.ಸಿ. ಎಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸುವ ದಾಖಲೆ, ತಂದೆತಾಯಿಯ ಮೇಲೆ ಹೊರಿಸಿದ ಆರೋಪವಲ್ಲ; ಮೇಲಾಗಿ, ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ 2025ರ ಯೋಜನೆಯಂಥ ಸೌಲಭ್ಯಕ್ಕೂ ಅಪಘಾತ ಎಂದು ದಾಖಲಾಗಿರಬೇಕು.

ಚಿತ್ರದಲ್ಲಿ ಏನಾದರೂ ಸಿಕ್ಕರೆ ಉತ್ತರ ಬೆಂಗಳೂರಿನ ಎಷ್ಟೋ ಮಕ್ಕಳು ಹೋಗುವುದು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ. ಯಲಹಂಕದಿಂದ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು, ನಡುವೆ ಹೆಬ್ಬಾಳದ ಜಾಮ್. ಹೊರಡುವ ಮೊದಲು ಕೇಳಿ ಪಡೆಯಬೇಕಾದದ್ದು ಪೂರ್ತಿ ಚಿತ್ರಗಳಿರುವ ಸಿ.ಡಿ. ಅಥವಾ ಲಿಂಕು. ಬರೀ ರಿಪೋರ್ಟಿನ ಹಾಳೆ ಸಾಲದು, ಫಿಲಂ ಕೂಡ ಅರ್ಧ ಮಾತ್ರ. ಒಂದು ಫಿಲಂ ಹಾಳೆಯಲ್ಲಿ ಇಪ್ಪತ್ತು ಮೂವತ್ತು ಪುಟ್ಟ ಚೌಕಗಳಿರುತ್ತವೆ. ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ಪರಿಚಯದ ಡಾಕ್ಟರಿಗೆ ವಾಟ್ಸ್ಯಾಪ್ ಮಾಡಿದರೆ, ಚೌಕದ ಮೇಲೆ ಬಿದ್ದ ಬೆಳಕೂ ಮಿದುಳಿನ ಅಂಚಿನ ತೆಳು ರಕ್ತವೂ ಒಂದೇ ಬಿಳುಪಾಗಿಬಿಡುತ್ತವೆ. ಒರಿಜಿನಲ್ ಚಿತ್ರವಾದರೆ ಮೂಳೆಗೊಂದು, ಮಿದುಳಿಗೊಂದು, ತೆಳು ರಕ್ತಕ್ಕೊಂದು ಎಂದು ಬೆಳಕಿನ ಮಟ್ಟ ಬದಲಿಸಿ ನೋಡಬಹುದು. ಸಿ.ಡಿ. ಇಲ್ಲದ್ದಕ್ಕೇ ಎರಡನೇ ಸಲ ಸ್ಕ್ಯಾನ್ ಆಗುವುದು ಮಗುವಿಗೆ ಸುಮ್ಮನೆ ಬಿದ್ದ ದಂಡ. ಯಂತ್ರದ ಬಳಿ ಕೇಳಬೇಕಾದ ಇನ್ನೊಂದು ಮಾತು: ‘ಮಕ್ಕಳ ಡೋಸ್ ಇಟ್ಟಿದ್ದೀರಾ?’ ಗಾತ್ರಕ್ಕೆ ತಕ್ಕಂತೆ ಕಿರಣ ಕಡಿಮೆ ಮಾಡಬೇಕೆಂಬ ಪ್ರಚಾರ 2008ರಿಂದ ಜಗತ್ತಿನಾದ್ಯಂತ ನಡೆದಿದೆ. ಹೊಸ ಯಂತ್ರಗಳಲ್ಲಿ ಇದಕ್ಕೆ ಬೇರೆಯೇ ಸೆಟ್ಟಿಂಗ್ ಇರುತ್ತದೆ.

ಬದಲಿ ದಾರಿಗಳ ಬಗ್ಗೆ ಎರಡೇ ಮಾತು. ಎಂ.ಆರ್.ಐ.ನಲ್ಲಿ ವಿಕಿರಣವಿಲ್ಲ, ಆದರೆ ಹೆಚ್ಚು ಹೊತ್ತು ಅಲುಗದೆ ಮಲಗಬೇಕು, ಚಿಕ್ಕವರಿಗೆ ಮಂಪರು ಬರಿಸಬೇಕಾಗುತ್ತದೆ; ತುರ್ತಿನ ಮೊದಲ ಗಂಟೆಗೆ ಅದು ಸಾಮಾನ್ಯವಾಗಿ ಒದಗುವುದಿಲ್ಲ. ತಲೆಯ ಬರೀ ಎಕ್ಸ್-ರೇ ಬಿರುಕನ್ನು ತೋರಿಸಬಹುದು, ಒಳಗಿನ ರಕ್ತವನ್ನಲ್ಲ. ಅದು ನಾರ್ಮಲ್ ಇದೆಯೆಂದು ನೆಮ್ಮದಿಯಿಂದ ಮನೆಗೆ ಹೋಗುವಂತಿಲ್ಲ.

ಸ್ಕ್ಯಾನ್ ನಾರ್ಮಲ್ ಬಂದು ಮನೆಗೆ ಕಳಿಸಿದ ಮೇಲೂ ಒಂದೆರಡು ದಿನ ಆಟದ ಮೈದಾನ, ಸೈಕಲ್ಲು ಬೇಡ; ತಲೆನೋವು, ಸಿಡಿಮಿಡಿ, ಓದಿನಲ್ಲಿ ಗಮನ ನಿಲ್ಲದಿರುವುದು ಇದ್ದರೆ ಶಾಲೆಗೆ ಮೆಲ್ಲಗೆ ಮರಳಲಿ, ಆಟಕ್ಕೆ ಇನ್ನೂ ನಿಧಾನವಾಗಿ. ಮೂರು ವರ್ಷದೊಳಗಿನ ಮಗುವಿನ ಬುರುಡೆ ಬಿರಿದಿದ್ದರೆ ಆಪರೇಷನ್ ಬೇಕಾಗುವುದು ತೀರ ವಿರಳ. ಆದರೆ ಕೆಲವರಲ್ಲಿ ಆ ಬಿರುಕು ವಾರ ತಿಂಗಳುಗಳಲ್ಲಿ ಅಗಲವಾಗುತ್ತದೆ, ಆದ್ದರಿಂದ ಮರುಭೇಟಿ ತಪ್ಪಿಸಬೇಡಿ. ಕೊನೆಗೆ, ಬಿಲ್ ಕೌಂಟರಿನಲ್ಲಿ ಮರೆತುಹೋಗುವ ಒಂದು ಕೆಲಸ. ರಾತ್ರಿ ಸ್ಕ್ಯಾನನ್ನು ಎಷ್ಟೋ ಕಡೆ ಮೊದಲು ನೋಡುವುದು ಡ್ಯೂಟಿ ಡಾಕ್ಟರು; ರೇಡಿಯಾಲಜಿಸ್ಟ್ ಸಹಿ ಮಾಡಿದ ರಿಪೋರ್ಟ್ ಬರುವುದು ಬೆಳಿಗ್ಗೆ, ಎರಡೂ ಕೆಲವೊಮ್ಮೆ ಹೊಂದುವುದಿಲ್ಲ. ಕೈಗೆ ಬಂದದ್ದು ತಾತ್ಕಾಲಿಕವೋ ಅಂತಿಮವೋ ಎಂದು ಕೇಳಿ, ರಾತ್ರಿಯೂ ಎತ್ತುವ ಫೋನ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಸಿ, ಮರುದಿನ ಮಧ್ಯಾಹ್ನದೊಳಗೆ ಕರೆ ಬಾರದಿದ್ದರೆ ನೀವೇ ಫೋನ್ ಮಾಡಿ ಅಂತಿಮ ರಿಪೋರ್ಟ್ ತರಿಸಿಕೊಳ್ಳಿ.